ಬಸ್ಸು ಬರುವ ಮೊದಲೇ ಕೂಗಿದ ನವರಂಗ

ನಾನು ನಿಂತಿದ್ದದ್ದು ನಮ್ಮ ಕಬ್ಬಿನ ಗದ್ದೆಯ ಈಶಾನ್ಯ ಮೂಲೆಯಲ್ಲಿ, ನಾಲೆಯ ತೂಬಿನಿಂದ ಹದಿನೈದು ಹೆಜ್ಜೆ ಈಚೆ, ಬದುವಿನ ಮೇಲೆ. ಮುಖ ಪಡುವಣಕ್ಕಿತ್ತು. ಎಡಕ್ಕೆ ಗದ್ದೆ, ಕಬ್ಬು ಕಡಿದ ಮೇಲೆ ಉಳಿದ ಒಣ ತರಗು ಅದರ ತುಂಬ ಮೊಣಕಾಲೆತ್ತರ ಬಿದ್ದಿತ್ತು. ಬಲಕ್ಕೆ ಹಳ್ಳದವರೆಗೂ ಹಬ್ಬಿದ್ದ ಬಿದಿರು ಮೆಳೆ. ಎರಡರ ನಡುವೆ, ತರಗನ್ನೆಲ್ಲ ಕೆರೆದು ಬರಿ ನೆಲ ಮಾಡಿದ್ದ ಎರಡು ಮಾರು ಅಗಲದ ಪಟ್ಟಿ. ನನ್ನ ಕೈಯಲ್ಲಿ ಹಸಿ ಹೊಂಗೆಯ ಕೊಂಬೆ, ಕಾಲ ಬಳಿ ಒಂದು ಕೊಡ ನೀರು. ನನ್ನಿಂದ ನಾಲ್ಕು ಮಾರು ಮುಂದೆ ಅಕ್ಕ ಜಯಮ್ಮ ಇದ್ದಳು. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಬೆಳಗಿನಿಂದ ಮೋಡ ಮುಚ್ಚಿಕೊಂಡಿತ್ತು. ನನಗೆ ಹತ್ತು ವರ್ಷ, ಅಕ್ಕನಿಗೆ ಹದಿಮೂರು. ಬೆನ್ನ ಹಿಂದೆ, ನಾಲೆಯಾಚೆಯ ರಸ್ತೆಯಲ್ಲಿ, ಐದೂವರೆಗೆ ಹಾದುಹೋಗುವ ಮದ್ದೂರು ಬಸ್ಸು ಇನ್ನೂ ಬಂದಿರಲಿಲ್ಲ. ಆಗ ಮೆಳೆಯೊಳಗಿಂದ ನವರಂಗ ಹಕ್ಕಿ ಕೂಗಿತು.

ಬಸ್ಸಿನ ಮಾತನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಇದೇ ಮಾತನ್ನು ಆ ದಿನ ನನ್ನನ್ನು ಒಬ್ಬರು ಕೇಳಿದ್ದರು, ಆಗ ನಾನು ಬೇರೆ ಹೇಳಿದ್ದೆ.

ನಮ್ಮೂರು ಮಳವಳ್ಳಿ ತಾಲ್ಲೂಕಿನದು. ಮನೆ ಊರ ಹೊರಗಿತ್ತು, ಗದ್ದೆಯ ದಕ್ಷಿಣಕ್ಕೆ. ಬಾಗಿಲು ದಾಟಿದರೆ ಮೊದಲು ದನಗಳು, ಆಮೇಲೆ ಜನ. ಕೊಟ್ಟಿಗೆಯ ಮೂಲೆಯಲ್ಲಿ ಅಜ್ಜಿಯ ಎರಡು ಬಂಡೂರು ಕುರಿಗಳು, ನಡುಮನೆಯಲ್ಲಿ ರಾಗಿ ತುಂಬಿದ ಮಣ್ಣಿನ ವಾಡೆಗಳ ಸಾಲು, ಆ ಸಾಲಿನ ಹಿಂದೆ ನಾವು ಮಲಗುವ ಜಾಗ. ಅಡುಗೆ ಕೋಣೆಗೆ ಕಿಟಕಿ ಇರಲಿಲ್ಲ, ಸೂರಿನಲ್ಲಿ ಒಂದು ಗಾಜಿನ ಹೆಂಚು ಇತ್ತು. ಆ ಬೆಳಕಿನ ಕೆಳಗೇ ಕೂತು ಅಜ್ಜಿ ಮುದ್ದೆ ತಿರುವುತ್ತಿದ್ದಳು. ಅಪ್ಪ ಮಂಡ್ಯದಲ್ಲಿ ಮೇಷ್ಟ್ರು, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಹಾಗಾಗಿ ವಾರದ ದಿನಗಳಲ್ಲಿ ಮನೆಯೆಂದರೆ ತಾತ, ಅಜ್ಜಿ, ಅವ್ವ, ಇನ್ನೂ ಮದುವೆಯಾಗದ ಚಿಕ್ಕಪ್ಪ ಬೋರಣ್ಣ ಮತ್ತು ನಾವಿಬ್ಬರು. ಗಡಿಯಾರವೊಂದು ನಡುಮನೆಯ ಕಂಬದಲ್ಲಿತ್ತು. ಅದನ್ನು ನೋಡುತ್ತಿದ್ದವಳು ಅವ್ವ ಒಬ್ಬಳೇ, ಅದೂ ನಮ್ಮನ್ನು ಶಾಲೆಗೆ ಅಟ್ಟುವಾಗ. ಉಳಿದವರಿಗೆ ಹಗಲಿನಲ್ಲಿ ಬಸ್ಸುಗಳಿದ್ದವು, ಸಂಜೆಗೆ ಹಕ್ಕಿ ಇತ್ತು.

ಆ ಹಕ್ಕಿ ನವರಾತ್ರಿ ಮುಗಿದ ಮೇಲೆ ಎಲ್ಲಿಂದಲೋ ಬರುತ್ತಿತ್ತು, ಯುಗಾದಿಯ ಹೊತ್ತಿಗೆ ಹೊರಟುಹೋಗುತ್ತಿತ್ತು. ಮೈನಾದಷ್ಟೂ ದೊಡ್ಡದಲ್ಲ. ಬಾಲವನ್ನು ಯಾರೋ ಕತ್ತರಿಸಿ ಬಿಟ್ಟಂತೆ ಮೋಟು. ಬೆನ್ನು ಹಸಿರು, ಎದೆ ಗೋಧಿ ಬಣ್ಣ, ಕಣ್ಣಿನ ಮೇಲೆ ಕಪ್ಪು ಪಟ್ಟಿ, ಗಂಟಲು ಬಿಳಿ, ರೆಕ್ಕೆಯಲ್ಲಿ ಒಂದು ತುಂಡು ನೀಲಿ, ಬಾಲದ ಕೆಳಗೆ ಕುಂಕುಮ ಮೆತ್ತಿದ ಹಾಗೆ ಕೆಂಪು. ಇಷ್ಟೆಲ್ಲ ಬಣ್ಣ ಇಟ್ಟುಕೊಂಡೂ ಅದು ಕಾಣುತ್ತಿರಲಿಲ್ಲ. ಮರದ ಮೇಲೆ ಕೂತು ಮೆರೆಯುವ ಹಕ್ಕಿಯಲ್ಲ. ಮೆಳೆಯ ನೆಲದಲ್ಲಿ, ಕೊಳೆಯುತ್ತಿದ್ದ ಎಲೆಗಳ ನಡುವೆ ಕುಪ್ಪಳಿಸುತ್ತ, ಒಂದೊಂದೇ ಎಲೆಯನ್ನು ಕೊಕ್ಕಿನಿಂದ ಎತ್ತಿ ಮಗುಚಿ, ಅಡಿಯಲ್ಲಿದ್ದ ಹುಳು ತಿನ್ನುತ್ತಿತ್ತು. ಸಂಜೆ, ಮದ್ದೂರು ಬಸ್ಸು ಹೋದ ಮೇಲೆ, ಬೆಳಕು ಇಳಿಯುವಾಗ ಕತ್ತು ಹಿಂದಕ್ಕೆ ಚೆಲ್ಲಿ ಎರಡು ಸ್ವರದ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆ ಕೇಳಿದ ಕೂಡಲೇ ಅಜ್ಜಿ ಕಾಲು ತೊಳೆದು ದೇವರ ಗೂಡಿನಲ್ಲಿ ದೀಪ ಹಚ್ಚುತ್ತಿದ್ದಳು. ಆ ಆರು ತಿಂಗಳು ನಮ್ಮ ಮನೆಯಲ್ಲಿ ದೀಪದ ಹೊತ್ತೆಂದರೆ ಅದು. ಅದಕ್ಕೆ ನವರಂಗ ಎಂಬ ಹೆಸರಿದೆಯೆಂದು ಅಪ್ಪ ಹೇಳಿದ ಮೇಲೂ ಅಜ್ಜಿ ದೀಪದ ಹಕ್ಕಿ ಅಂತಲೇ ಕರೆಯುತ್ತಿದ್ದಳು.

ಮಧ್ಯಾಹ್ನದ ಊಟ ಮುಗಿಸಿ ಅಜ್ಜಿ ಕುರಿಗಳನ್ನು ಹೊಡೆದುಕೊಂಡು ಮೆಳೆಗೆ ಹೋದರೆ ಹಕ್ಕಿ ಕೂಗಿದ ಮೇಲೇ ವಾಪಸು. ಮೆಳೆಯ ಆಚೆ ಮಗ್ಗುಲಿಗೆ ಹಳ್ಳದ ಗುಂಟ ಒಂದು ಕಾಲುದಾರಿಯಿತ್ತು, ಅದರಲ್ಲೇ ಮನೆಗೆ ಬರುತ್ತಿದ್ದಳು. ರಜೆಯ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಅಲ್ಲಿ ಮಾತಾಡುವಂತಿರಲಿಲ್ಲ. ಅವಳು ಹೊಂಗೆ ಬೇರಿನ ಮೇಲೆ ಕೂತು ಮಡಿಲಲ್ಲಿ ಹಿತುಕಿದವರೆ ಮಾಡಿಕೊಳ್ಳುತ್ತಿದ್ದಳು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಅದುಮಿದರೆ ಬೇಳೆ ಪುಳಕ್ಕನೆ ಚಿಮ್ಮಿ ಮೊರಕ್ಕೆ ಬೀಳುತ್ತಿತ್ತು. ಕಣ್ಣು ಮಾತ್ರ ಎಲೆಗಳ ಕಡೆ. ಒಂದು ಮೋಡದ ದಿನ, ಇನ್ನೂ ಹೊತ್ತಿರುವಾಗಲೇ, ಹಕ್ಕಿ ಕೂಗಿತು. ನಾನು ಎದ್ದು ನಿಂತೆ. ಅಜ್ಜಿ ಚಡ್ಡಿ ಹಿಡಿದು ಎಳೆದು ಕೂರಿಸಿದಳು.

“ಎಲ್ಲಿಗ್ಲಾ ಹೊಂಟೆ?”

“ಹಕ್ಕಿ ಕೂಗ್ತಲ್ಲಜ್ಜಿ, ದೀಪ.”

“ಇದು ಮೋಡದ ಕೂಗು ಕಣ್ಲಾ ಪೆದ್ದ. ಮೋಡ ಕವುಚ್ಕಂಡ್ರೆ ಅದುಕ್ಕೂ ಗಾಬ್ರಿ, ಸಂಜೆಯಾಗೋಯ್ತೇನೋ ಅಂತ ಒಂದ್ಸಲ ಕೇಳ್ತದೆ. ಆಚೆ ದಡದೋನು ಸುಮ್ಕವ್ನೆ ನೋಡು. ದೀಪದ ಕೂಗಿಗೆ ಅವ್ನು ‘ಊ’ ಅಂದೇ ಅಂತಾನೆ.”

ಅದು ನಿಜ. ಹಳ್ಳದ ಆಚೆ ದಡದಲ್ಲಿ ಇನ್ನೊಂದು ನವರಂಗವಿತ್ತು. ಸಂಜೆ ಈ ದಡದ್ದು ಕೂಗಿದರೆ ಅದು ತಪ್ಪದೆ ಉತ್ತರ ಕೊಡುತ್ತಿತ್ತು. ಈ ವ್ಯತ್ಯಾಸ ಅಜ್ಜಿಗೆ ಗೊತ್ತಿತ್ತು, ಅವಳಿಂದ ನನಗೂ ಗೊತ್ತಾಯಿತು. ತಾತನಿಗೆ ಗೊತ್ತಿರಲಿಲ್ಲ. ಅವರು ಮೆಳೆಯೊಳಗೆ ಕೂತವರಲ್ಲ, ಗದ್ದೆಯಿಂದಲೇ ಮೊದಲ ಕೂಗು ಕೇಳಿಸಿಕೊಂಡು ನೇಗಿಲು ಬಿಚ್ಚುತ್ತಿದ್ದವರು.

ಮೆಳೆಯ ವಿಷಯದಲ್ಲಿ ಅವರಿಬ್ಬರಿಗೂ ಪ್ರತಿ ವರ್ಷ ಜಗಳ. ತಾತನಿಗೆ ಅಲ್ಲಿನ ತರಗೆಲೆ ತಿಪ್ಪೆಗೆ ಬೇಕು. ಅಜ್ಜಿ ಬಿಡುತ್ತಿರಲಿಲ್ಲ.

“ಮೊಣಕಾಲುದ್ದ ಎಲೆ ಕೊಳೀತಾ ಬಿದ್ದದೆ. ಬಂಗಾರದಂಥ ಗೊಬ್ರ. ಯಾರಪ್ಪನ ಮನೆಗಂತ ಮಡಗಿದ್ದೀಯೇ?”

“ನಮ್ಮಪ್ಪನ ಮನೆಗೇ ಅನ್ಕೊಳ್ಳಿ. ಎಲೆ ಕೆರ್ಕೊಂಡ್ರೆ ಅದು ಉಣ್ಣೋದು ಏನ? ನಿಮ್ ತಟ್ಟೆ ಎಳ್ಕೊಂಡ್ರೆ ನೀವು ಸುಮ್ಕಿರ್ತೀರಾ?”

“ಒಂದು ಹಕ್ಕಿಗೆ ಅರ್ಧ ಎಕರೆ ತಟ್ಟೆ!” ಎಂದು ತಾತ ಟವೆಲು ಕೊಡವಿ ಎದ್ದುಹೋಗುತ್ತಿದ್ದರು. ಬೈದರೇ ಹೊರತು ಒಂದು ಬುಟ್ಟಿ ಎಲೆಯನ್ನೂ ತೆಗೆಯಲಿಲ್ಲ. ಹೀಗೆ ವರ್ಷಗಳ ಎಲೆ ಅಲ್ಲಿ ಹಾಸಿಗೆಯಂತೆ ಬಿದ್ದಿತ್ತು. ಆ ದಿನ ಹೊತ್ತಿ ಉರಿದದ್ದು ಅದೇ. ಇದನ್ನೂ ಬರೆಯಬೇಕು, ಏಕೆಂದರೆ ತಾತ ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.

ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಕೊಡುವುದರಲ್ಲಿ ತಾತನಷ್ಟು ಎಚ್ಚರದವರು ಆ ಬಯಲಿನಲ್ಲಿ ಇರಲಿಲ್ಲ. ಎಲ್ಲರೂ ಎರಡು ಮೊಳ ಪಟ್ಟಿ ಕೆರೆದರೆ ಅವರು ಎರಡು ಮಾರು ಕೆರೆಸುತ್ತಿದ್ದರು. ಪಟ್ಟಿಯ ಅಂಚಿನಿಂದಲೇ ಬೆಂಕಿ ಹಿಡಿಸಿದರೆ ಅದು ಮೆಳೆಗೆ ಬೆನ್ನು ಹಾಕಿ, ಗದ್ದೆಯ ಒಳಕ್ಕೆ ನಿಧಾನವಾಗಿ ಉರಿದುಹೋಗುತ್ತದೆ. ಆದರೆ ಗಾಳಿ ಇರಬಾರದು. ಆ ಕಾಲದಲ್ಲಿ ನಮ್ಮ ಕಡೆ ಹಗಲೆಲ್ಲ ಬೀಸುವ ಗಾಳಿ ಬೆಳಕು ಇಳಿಯುವಾಗ ನಿಲ್ಲುತ್ತದೆ, ಹಕ್ಕಿ ಕೂಗುವುದೂ ಆಗಲೇ. ಹಾಗಾಗಿ ತಾತ ಹಕ್ಕಿ ಕೂಗಿದ ಮೇಲೆ ಬೆಂಕಿ ಕೊಡುವ ಪದ್ಧತಿ ಇಟ್ಟುಕೊಂಡಿದ್ದರು. ಅದರಲ್ಲಿ ಇನ್ನೊಂದು ಅನುಕೂಲವಿತ್ತು. ಹಕ್ಕಿ ಕೂಗಿತೆಂದರೆ ಅಜ್ಜಿ ಕುರಿಗಳೊಂದಿಗೆ ಮೆಳೆ ಬಿಟ್ಟು ಹೊರಟಳೆಂದೇ ಅರ್ಥ. ಅವರು ಪಟ್ಟಿಯ ನಡುವೆ ಕೂತು ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಅವಳು ಮನೆ ಸೇರುತ್ತಿದ್ದಳು. ಪ್ರತಿ ವರ್ಷವೂ ಹೀಗೇ ನಡೆದಿತ್ತು. ಒಂದು ವರ್ಷವೂ ಯಾರೂ ಮೆಳೆಯ ಕಡೆ ತಿರುಗಿ ಅವಳ ಹೆಸರು ಹಿಡಿದು ಕೂಗು ಹಾಕಿರಲಿಲ್ಲ.

ಆ ದಿನ ಹಕ್ಕಿ ಕೂಗಿದಾಗ ತಾತ ಪಟ್ಟಿಯ ನಡುವೆ ನಿಂತಿದ್ದರು. ಚಿಕ್ಕಪ್ಪ ಪಡುವಣ ತುದಿಯಲ್ಲಿ, ತರಗಿನ ಪಂಜು ಕಟ್ಟುತ್ತಿದ್ದ. ಒಂದೇ ಕೂಗು. ಆಚೆ ದಡದಿಂದ ಉತ್ತರ ಬರಲಿಲ್ಲ. ನಾನು ಕಾದೆ, ಬರಲಿಲ್ಲ.

“ಅಪ್ಪೋ, ಇನ್ನೂ ಒತ್ತೈತೇನೋ ಅನ್ನುಸ್ತದೆ,” ಎಂದ ಚಿಕ್ಕಪ್ಪ.

“ನಿನ್ಗೆ ಏನೇನೋ ಅನ್ನುಸ್ತದೆ. ಓದ ವರ್ಸ ನೀರು ಸಾಕು ಅನ್ನುಸ್ತು, ಪೈರು ಒಣುಗ್ಸಿದೆ. ಹಕ್ಕಿಗಿಂತ ಬುದ್ವಂತನೇನ್ಲಾ ನೀನು?”

ಚಿಕ್ಕಪ್ಪ ನಕ್ಕ. ತಾತ ಅಲ್ಲೇ ಕೂತು ಬೀಡಿ ಹಚ್ಚಿದರು. ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

“ಬಸ್ಸು ಬಂದಿಲ್ವಲ್ಲೋ?”

ತೂಬಿನ ಬಳಿ ನಾಲೆಯ ಏರಿ ತಗ್ಗಾಗಿತ್ತು. ರಸ್ತೆ ಕಾಣುತ್ತಿದ್ದದ್ದು ಆ ಮೂಲೆಯಿಂದ ಮಾತ್ರ, ನಮ್ಮಿಬ್ಬರಿಗೆ ಮಾತ್ರ. ನಾನು ಹಿಂದಿರುಗಿ ನೋಡಿದೆ. ರಸ್ತೆ ಖಾಲಿಯಿತ್ತು.

“ಸುಮ್ಕಿರೆ,” ಅಂದೆ.

ಏಕೆ ಹಾಗಂದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಅದುವರೆಗೂ ಬೆಂಕಿ ಕೊಡುವ ದಿನ ನನ್ನನ್ನು ಜಗಲಿಯ ಮೇಲೆ ಕೂರಿಸಿಬಿಡುತ್ತಿದ್ದರು. ಕೈಗೆ ಕೊಂಬೆ ಕೊಟ್ಟು ಒಂದು ಮೂಲೆಯನ್ನು ನನಗೆ ಒಪ್ಪಿಸಿದ್ದು ಅದೇ ಮೊದಲು. ಕತ್ತಲಾಗುವವರೆಗೆ ತಡವಾದರೆ ಅವ್ವ ಬಂದು ಕರೆದೊಯ್ಯುತ್ತಾಳೆಂಬ ಭಯ ನನಗಿತ್ತು. ಅಷ್ಟೇ. ಇನ್ನೇನೂ ಇರಲಿಲ್ಲ.

ಬೀಡಿ ಮುಗಿಯಿತು. ಚಿಕ್ಕಪ್ಪ ಪಂಜು ಹಿಡಿದು ಪಟ್ಟಿಯ ಅಂಚಿನಲ್ಲಿ ಪಡುವಣದಿಂದ ನಮ್ಮ ಕಡೆಗೆ ಓಡಿಬಂದ. ಬೆಂಕಿ ಅವನ ಹಿಂದೆ ಸಾಲಾಗಿ ಎದ್ದಿತು. ಮೊದಲು ತಾತ ಹೇಳುತ್ತಿದ್ದಂತೆಯೇ ಉರಿಯಿತು, ಗದ್ದೆಯ ಒಳಕ್ಕೆ, ಸಾವಧಾನವಾಗಿ. ನಾನು ಕೊಂಬೆ ಎತ್ತಿ ಹಿಡಿದಿದ್ದೆ. ಆಮೇಲೆ ತೆಂಕಣದಿಂದ ಗಾಳಿ ಬಂತು. ನನ್ನ ಎಡಗೆನ್ನೆಗೆ ಬಿಸಿ ಬಡಿಯಿತು. ಉರಿಯುತ್ತಿದ್ದ ತರಗು ಮುಷ್ಟಿ ಮುಷ್ಟಿಯಾಗಿ ಮೇಲೆದ್ದು, ನಮ್ಮ ತಲೆಯ ಮೇಲಿಂದ ಪಟ್ಟಿಯನ್ನು ದಾಟಿ, ಮೆಳೆಯೊಳಗೆ ಇಳಿಯಿತು. ಅದು ಬಿದ್ದದ್ದು ನಾನು ಕಂಡೆ. ಮೂರು ಕಡೆ ಬಿತ್ತು. ಒಂದನ್ನು ಅಕ್ಕ ಬಡಿದು ಆರಿಸಿದಳು. ನಾನು ಕೊಡದ ನೀರು ಚೆಲ್ಲಿದೆ. ಅದು ಎಲ್ಲಿಗೂ ಮುಟ್ಟಲಿಲ್ಲ. ಎಲೆಯ ಹಾಸಿಗೆ ಮೊದಲು ಹೊಗೆಯಾಡಿತು, ಆಮೇಲೆ ಒಮ್ಮೆಲೇ ಹೊತ್ತಿತು. ಬಿದಿರಿನ ಗಿಣ್ಣುಗಳು ಕೋವಿ ಹಾರಿಸಿದಂತೆ ಸಿಡಿಯತೊಡಗಿದವು.

ಆಗ ಹಿಂದಿನಿಂದ ಹಾರನ್ ಕೇಳಿಸಿತು. ಬಿದಿರು ಸಿಡಿಯುವ ಸದ್ದಿನಲ್ಲಿ ಅದು ಪಟ್ಟಿಯ ನಡುವೆ ಬೆಂಕಿ ಬಡಿಯುತ್ತಿದ್ದ ತಾತನಿಗೂ ಚಿಕ್ಕಪ್ಪನಿಗೂ ಕೇಳಲಿಲ್ಲ. ನಾನೂ ಅಕ್ಕನೂ ತಿರುಗಿದೆವು. ಮದ್ದೂರು ಬಸ್ಸು. ಹೊಗೆ ರಸ್ತೆಗೆ ಅಡ್ಡ ಕವಿದದ್ದರಿಂದ ಡ್ರೈವರು ಹಾರನ್ ಒತ್ತಿಕೊಂಡೇ ನಿಧಾನವಾಗಿ ದಾಟಿದ. ಕಿಟಕಿಯಿಂದ ಒಬ್ಬ ಹೆಂಗಸು ಸೆರಗು ಮೂಗಿಗೆ ಹಿಡಿದು ನಮ್ಮ ಕಡೆ ನೋಡಿದಳು. ಅದೇ ಹೊತ್ತಿಗೆ ಮನೆಯ ಕಡೆಯಿಂದ ಅವ್ವ ಗದ್ದೆಯ ಬದುವಿನ ಮೇಲೆ ಓಡಿಬರುತ್ತಿದ್ದಳು.

“ಮಾವಾ, ಅತ್ತೆ ಬಂದಿಲ್ಲ! ಕುರಿನೂ ಬಂದಿಲ್ಲ!”

ತಾತನಿಗೆ ಮೊದಲ ಸಲ ಕೇಳಿಸಲಿಲ್ಲ. ಎರಡನೆಯ ಸಲ ಕೇಳಿಸಿತು. ಅವರ ಕೈಯಲ್ಲಿದ್ದ ಕೊಂಬೆ ಬಿತ್ತು. ಅವರು ಓಡಲಿಲ್ಲ, ಅರಚಲಿಲ್ಲ. ಮೆಳೆಯ ಕಡೆಗೆ ನೆಟ್ಟಗೆ ನಡೆಯತೊಡಗಿದರು, ಮನೆಯ ಬಾಗಿಲಿಗೆ ನಡೆಯುವ ಹಾಗೆ. ಚಿಕ್ಕಪ್ಪ ಹಿಂದಿನಿಂದ ಅವರನ್ನು ತಬ್ಬಿ ನೆಲಕ್ಕೆ ಕೆಡವಿದ. ಇಬ್ಬರೂ ಬೂದಿಯಲ್ಲಿ ಹೊರಳಾಡಿದರು. ತಂದೆಯನ್ನು ಮಗ ಕೆಡವಿ ಎದೆಯ ಮೇಲೆ ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಜ್ಜಿ ಹಳ್ಳದಲ್ಲಿ ಬಂದಳು. ಮೆಳೆ ಮುಗಿಯುವ ಕಡೆ, ಮೊಣಕಾಲುದ್ದ ನೀರಿನಲ್ಲಿ, ಬಾಗಿಕೊಂಡು. ಒಂದು ಕುರಿಯ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಏಕೆ ಹಲ್ಲಿನಲ್ಲಿ ಎಂದು ನನಗೆ ಅರ್ಥವಾಗಲಿಲ್ಲ, ಅವಳು ಹತ್ತಿರ ಬಂದು ಕೈಗಳು ಕಾಣುವವರೆಗೆ. ಗಿಡಕ್ಕೆ ಕಟ್ಟಿದ್ದ ಇನ್ನೊಂದು ಕುರಿಯ ಕಣ್ಣಿ ಬಿಚ್ಚಲು ಅವಳು ವಾಪಸು ಹೋಗಿದ್ದಳಂತೆ. ಆ ಕುರಿ ಬರಲಿಲ್ಲ.

ಮಳವಳ್ಳಿ ಆಸ್ಪತ್ರೆಗೆ ಕರೆದೊಯ್ಯಲು ವ್ಯಾನು ಬರುವವರೆಗೆ ಅವಳನ್ನು ಜಗಲಿಯ ಮೇಲೆ ಕೂರಿಸಿದ್ದರು. ಅವ್ವ ಆ ಕೈಗಳ ಮೇಲೆ ಚೊಂಬಿನಿಂದ ನೀರು ಬಿಡುತ್ತಲೇ ಇದ್ದಳು. ತಾತ ಕಂಬ ಹಿಡಿದು ನಿಂತಿದ್ದರು. ಅಜ್ಜಿ ಅಳಲಿಲ್ಲ. ಕಣ್ಣಿನಲ್ಲೇ ನನ್ನನ್ನು ಹುಡುಕಿದಳು.

“ತೂಬಿನ್ ತಾವ ನಿಂತಿದ್ದೋನು ನೀನೇ ಅಲ್ವೇನ್ಲಾ ಮಗ? ಬಸ್ಸು ಓಗಿತ್ತಾ?”

ತಾತ ನನ್ನನ್ನು ನೋಡಿದರು. ಅವರ ಮುಖ ಹಾಗೆ ಆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಕ್ಕ ನೆಲ ನೋಡುತ್ತಿದ್ದಳು.

“ಓಗಿತ್ತಜ್ಜಿ,” ಅಂದೆ.

ಅಜ್ಜಿ ತನ್ನ ಕೈಗಳ ಕಡೆ ನೋಡಿಕೊಂಡಳು. ಆಮೇಲೆ ಅವ್ವನಿಗೆ ಹೇಳಿದಳು:

“ಅಂಗಾರೆ ಅದು ದೀಪದ ಕೂಗೇ ಕಣಮ್ಮ. ನಾನು ಮೋಡದ್ದು ಅನ್ಕೊಂಡು ಕೂತ್ಕಂಡೆ. ನನ್ ಕಿವಿನೇ ಕೆಟ್ಟೋಗವೆ, ಬುಡು.”

ತಾತ ಕಂಬದ ಬುಡದಲ್ಲಿ ಕುಸಿದು ಕೂತರು. ನಾನು ಅವರನ್ನು ಉಳಿಸಿದೆ ಎಂದುಕೊಂಡೆ. ಅಜ್ಜಿಯಿಂದ ಏನನ್ನು ಕಿತ್ತುಕೊಂಡೆ ಎಂಬುದು ತಿಳಿಯಲು ಇನ್ನೂ ಹತ್ತು ತಿಂಗಳು ಹಿಡಿಯಿತು.

ಕೈಗಳು ಮಾಯುವುದಕ್ಕೆ ಮೂರು ತಿಂಗಳಾಯಿತು. ಬೆರಳುಗಳು ಒಂದಕ್ಕೊಂದು ಅಂಟಿದಂತೆ ಬಿಗಿದುಕೊಂಡವು. ಮುದ್ದೆ ತಿರುವುವುದು ಅವ್ವನ ಪಾಲಾಯಿತು. ಮುಂದಿನ ಅವರೆ ಕಾಲದಲ್ಲಿ ಅಜ್ಜಿ ಮೊರದ ಮುಂದೆ ಕೂತು ಒಂದು ಕಾಳನ್ನು ಅದುಮಲು ನೋಡಿದಳು. ಅದು ಜಾರಿ ಉರುಳಿಹೋಯಿತು. ಮೊರವನ್ನು ಅಕ್ಕನ ಕಡೆ ತಳ್ಳಿದಳು. ಬಂದವರೆಲ್ಲ ತಾತನನ್ನು ಕೇಳುತ್ತಿದ್ದರು, ಅವರು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು: “ಗಾಳಿ ಮೋಸ ಮಾಡ್ತು. ಹಕ್ಕಿ ಕೂಗಿದ್ಮೇಲೇ ಹಚ್ಚಿದ್ದು. ನಮ್ ಹುಡ್ಗನೇ ನೋಡವ್ನೆ, ಬಸ್ಸು ಓಗಿತ್ತು.” ಹಾಗೆ ಹೇಳುವಾಗ ಅವರು ನನ್ನ ಭುಜದ ಮೇಲೆ ಕೈ ಇಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಮಳೆ ಬಿದ್ದ ಮೇಲೆ ಸುಟ್ಟ ಬಿದಿರಿನ ಬುಡಗಳಲ್ಲಿ ಕಳಲೆ ಎದ್ದಿತು. ಹಳ್ಳದ ಅಂಚಿಗೆ ಮೂರು ಹೊಂಗೆ ಮರ ಉಳಿದಿದ್ದವು, ಅವುಗಳ ಕೆಳಗೆ ಒಂದು ಹಾಸು ಎಲೆ. ನವರಾತ್ರಿ ಕಳೆಯಿತು. ಇನ್ನು ಬರುವುದಿಲ್ಲ ಎಂದು ಎಲ್ಲರೂ ತಿಳಿದಿದ್ದೆವು, ಆದರೆ ಅದು ಬಂತು. ಸಂಜೆ ಆ ಮೂರು ಮರಗಳ ಕೆಳಗಿನಿಂದಲೇ ಕೂಗಿತು, ಆಚೆ ದಡದ್ದು ಉತ್ತರ ಕೊಟ್ಟಿತು. ಅವ್ವ ಅಜ್ಜಿಯ ಮುಖ ನೋಡಿದಳು. ಅಜ್ಜಿ ಕದಲಲಿಲ್ಲ.

“ಗಡಿಯಾರ ನೋಡವ್ವ,” ಅಂದಳು. “ಎಷ್ಟಾಗದೆ?”

ಅದಾದ ಮೇಲೆ ಪ್ರತಿ ಸಂಜೆಯೂ ಹಾಗೇ. ಹಕ್ಕಿ ಕೂಗುತ್ತಿತ್ತು, ಅವಳು ಗಡಿಯಾರ ಕೇಳುತ್ತಿದ್ದಳು. ಒಂದು ದಿನ, ಕಾರ್ತಿಕದಲ್ಲಿರಬೇಕು, ಮೋಡ ಕವಿದಿತ್ತು. ಭಾನುವಾರ, ನಾವೆಲ್ಲ ಮನೆಯಲ್ಲಿದ್ದೆವು. ನಾನು ಜಗಲಿಯ ಮೇಲೆ ಕೂತು ಲೆಕ್ಕ ಮಾಡುತ್ತಿದ್ದೆ. ಅಕ್ಕ ಬಾಗಿಲಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಹಕ್ಕಿ ಒಂದೇ ಸಲ ಕೂಗಿತು. ಆಚೆ ದಡ ಸುಮ್ಮನಿತ್ತು. ಮೋಡದ ಕೂಗು, ಕಿವಿ ಇದ್ದ ಯಾರಿಗಾದರೂ ತಿಳಿಯುವಂಥದ್ದು. ಅಜ್ಜಿ ನಡುಮನೆಯಲ್ಲಿ ಮಲಗಿದ್ದವಳು ಎದ್ದಳು. ನಮ್ಮನ್ನು ದಾಟಿ ಅಂಗಳಕ್ಕೆ ಹೋಗಿ ಕಾಲ ಮೇಲೆ ನೀರು ಹಾಕಿಕೊಂಡಳು. ಒಳಗೆ ಬಂದು ದೇವರ ಗೂಡಿನ ಮುಂದೆ ನಿಂತು, ಬಿಗಿದುಹೋದ ಆ ಎರಡು ಅಂಗೈಗಳ ನಡುವೆ ಬೆಂಕಿಪೊಟ್ಟಣ ಒತ್ತಿ ಹಿಡಿದು, ಕಡ್ಡಿ ಗೀರಲು ನೋಡಿದಳು. ಕಡ್ಡಿ ಮುರಿಯಿತು. ಇನ್ನೊಂದು ತೆಗೆದಳು. ಅದು ಹೊತ್ತಿತು. ದೀಪ ಹಚ್ಚಿದಳು.

ತೆರೆದ ಬಾಗಿಲಿನಿಂದ ಹಗಲು ಇನ್ನೂ ಒಳಗೆ ಬೀಳುತ್ತಲೇ ಇತ್ತು. ಆ ಬೆಳಕಿನಲ್ಲಿ ದೀಪದ ಉರಿ ಕಾಣುತ್ತಲೂ ಇರಲಿಲ್ಲ. ಅವ್ವ ಅಡುಗೆ ಕೋಣೆಯಿಂದ ಬಂದು ಹಾಗೇ ನಿಂತಳು.

“ಅತ್ತೇ, ಇನ್ನೂ ಮೂರ್ಗಂಟೆ.”

ಅಜ್ಜಿ ದೀಪ ನೋಡಿದಳು, ಬಾಗಿಲ ಕಡೆ ನೋಡಿದಳು, ಆಮೇಲೆ ಅವ್ವನನ್ನು.

“ಔದಾ?” ಅಂದಳು. “ನಂಗೆ ಮೋಡದ್ದು ಅಂತ್ಲೇ ಕೇಳಿಸ್ತು. ಅದುಕ್ಕೇ ಇದು ದೀಪದ್ದಿರಬೇಕು ಅಂತ ಎದ್ದೆ.”

ಅವಳ ಕಿವಿಗೆ ಏನೂ ಆಗಿರಲಿಲ್ಲ. ಮೊದಲಿನಷ್ಟೇ ಸರಿಯಾಗಿ ಕೇಳಿಸಿಕೊಂಡಿದ್ದಳು. ಕೇಳಿಸಿದ್ದಕ್ಕೆ ವಿರುದ್ಧವಾಗಿ ನಡೆಯುವುದನ್ನು ಮಾತ್ರ ಕಲಿತಿದ್ದಳು, ಅದನ್ನು ಕಲಿಸಿದವನು ನಾನು. ಬಾಯಿ ತೆರೆದೆ. ತಾತ ಕೊಟ್ಟಿಗೆಯ ಬಾಗಿಲಲ್ಲಿ, ಕೈಯಲ್ಲಿ ಹುಲ್ಲು ಹಿಡಿದು ನಿಂತಿದ್ದರು. ಮುಚ್ಚಿಕೊಂಡೆ.

ಅಜ್ಜಿ ಅದಾಗಿ ಆರು ವರ್ಷ ಬದುಕಿದ್ದಳು. ಕುರಿ ಸಾಕಲಿಲ್ಲ, ಮೆಳೆಗೆ ಹೋಗಲಿಲ್ಲ. ತಾತ ಅವಳಿಗಿಂತ ಎರಡು ವರ್ಷ ಹೆಚ್ಚು ಇದ್ದರು. ಅವರಿಬ್ಬರಿಗೂ ನಾನು ಹೇಳಲಿಲ್ಲ. ಹೇಳುವ ದಿನಗಳು ಎಷ್ಟೋ ಬಂದವು, ಸಾಲಾಗಿ, ಒಂದಾದ ಮೇಲೊಂದು. ಮುಂದೆ ನಾನು ಸರ್ವೆ ಕೆಲಸಕ್ಕೆ ಸೇರಿ ಮೂವತ್ತು ವರ್ಷ ಬೇರೆಯವರ ಜಮೀನಿನ ಗಡಿಕಲ್ಲು ಹುಡುಕಿದೆ. ಎಲ್ಲಿ ನಿಂತು ನೋಡಿದೆ, ಯಾವ ಹೊತ್ತಿನಲ್ಲಿ, ಜೊತೆಯಲ್ಲಿ ಯಾರಿದ್ದರು ಎಂದು ಬರೆಯದೆ ಒಂದು ಹಾಳೆಗೂ ಸಹಿ ಹಾಕಲಿಲ್ಲ. ಜೊತೆಗಿದ್ದವರು ನಗುತ್ತಿದ್ದರು.

ಹೋದ ತಿಂಗಳು ಆ ಮೂಲೆಗೆ ಹೋಗಿದ್ದೆ. ಗದ್ದೆ ಈಗ ಬೇರೆಯವರದು. ತೂಬು ಅಲ್ಲೇ ಇದೆ, ನಾನು ಹದಿನೈದು ಹೆಜ್ಜೆ ಎಣಿಸಿ ನಿಂತೆ. ಮೆಳೆ ಅರ್ಧಕ್ಕಿಂತ ಕಡಿಮೆ ಉಳಿದಿದೆ, ಹೊಂಗೆ ಮರಗಳು ಎರಡಿವೆ. ಬೆಳಕು ಇಳಿಯುವಾಗ ಅಲ್ಲಿಂದ ಒಂದು ನವರಂಗ ಕೂಗಿತು. ಉತ್ತರ ಬರಲಿಲ್ಲ, ಆಚೆ ದಡದಲ್ಲಿ ಈಗ ಕೋಳಿ ಫಾರಂ ಇದೆ. ಅದು ಯಾವ ಕೂಗು ಎಂದು ಹೇಳುವ ದಾರಿ ನನಗಿರಲಿಲ್ಲ. ಜೇಬಿನಿಂದ ಫೋನು ತೆಗೆದು ಹೊತ್ತು ನೋಡಿಕೊಂಡೆ.

ಅಲ್ಲಿಂದಲೇ ಯಲಿಯೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಇದನ್ನೆಲ್ಲ ಬರೆಯುತ್ತೇನೆ ಅಂದೆ. ಅವಳ ಮನೆಯ ಹಿಂದೆ ರೈಲು ಹೋಗುತ್ತಿದ್ದ ಸದ್ದು ಕೇಳುತ್ತಿತ್ತು.

“ಬರೆಯೋದಾದ್ರೆ ಬಸ್ಸು ಬಂದಿರ್ಲಿಲ್ಲ ಅನ್ನೋದ್ನ ಮೊದ್ಲೇ ಬರಿ,” ಅಂದಳು. “ಕೊನೇಗೆ ಮಡೀಕ್ಕಂಡ್ರೆ ಆವಾಗ್ಲೂ ನೀನು ಹೇಳದಿಲ್ಲ.”

ಆ ದಿನ ಪಟ್ಟಿಯ ಮೇಲೆ ಇದ್ದವರಲ್ಲಿ ಈಗ ಬದುಕಿರುವವರು ಮೂವರು. ಚಿಕ್ಕಪ್ಪ ಬೋರಣ್ಣ ಊರಲ್ಲೇ ಇದ್ದಾನೆ, ಅವನು ನಿಂತಿದ್ದ ಕಡೆಯಿಂದ ರಸ್ತೆ ಕಾಣುತ್ತಿರಲಿಲ್ಲ. ಅವನು ಈಗಲೂ ನನ್ನ ಮಾತನ್ನೇ ನಂಬಿದ್ದಾನೆ. ರಸ್ತೆ ಕಾಣುತ್ತಿದ್ದವರು ಇಬ್ಬರು. ಒಬ್ಬನು ನಾನು. ಇನ್ನೊಬ್ಬಳು ಜಯಮ್ಮ. ಬಸ್ಸು ಬಂದಿಲ್ಲವಲ್ಲ ಎಂದು ಕೇಳಿದವಳು ಅವಳು.